ಕೈಯಲ್ಲೇ ಚರ್ಮದ ಶೂ: ಮೊದಲ ಜೊತೆಗೆ ಡರ್ಬಿ, ಸ್ಟಿಚ್‌ಡೌನ್ ವಿಧಾನದಲ್ಲಿ

ಶೂ ಮಾಡುವುದು ಅಂದರೆ ಹೊಲಿಗೆ ಕಲಿಯುವುದು ಅಂತಲೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹೊಲಿಗೆ ಸ್ವಲ್ಪ ವಕ್ರವಾದರೂ ಶೂ ಹಾಕಿಕೊಂಡು ಓಡಾಡಬಹುದು. ಅಚ್ಚಿನ ಮೇಲೆ ಚರ್ಮ ಎಳೆದು ಕೂರಿಸುವುದು ಕೆಟ್ಟರೆ ಮಾತ್ರ ಎಷ್ಟು ಚೆಂದದ ಹೊಲಿಗೆಯಿದ್ದರೂ ಅದು ಕಾಲಿಗೆ ಒಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಎಳೆಯುವ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲ ಜೊತೆಗೆ ಡರ್ಬಿ ಮಾಡಿ, ಆಕ್ಸ್‌ಫರ್ಡ್ ಬೇಡ. ಡರ್ಬಿಯಲ್ಲಿ ಲೇಸ್ ಕಟ್ಟುವ ಎರಡು ರೆಕ್ಕೆಗಳು ಮುಂಭಾಗದ ಮೇಲೆ ಬಿಡಿಯಾಗಿ ಕೂರುತ್ತವೆ. ಅಳತೆ ನಾಲ್ಕೈದು ಮಿ.ಮೀ. ಆಚೀಚೆಯಾದರೂ ಲೇಸ್ ಸಡಿಲಿಸಿ ಅಥವಾ ಬಿಗಿದು ಸರಿದೂಗಿಸಬಹುದು. ಆಕ್ಸ್‌ಫರ್ಡ್‌ನಲ್ಲಿ ರೆಕ್ಕೆಗಳು ಮುಂಭಾಗದ ಅಡಿಗೆ ಹೊಲಿದಿರುವುದರಿಂದ ಅಷ್ಟು ಅವಕಾಶವಿಲ್ಲ. ಅಟ್ಟೆ ಜೋಡಿಸಲು ಸ್ಟಿಚ್‌ಡೌನ್ ವಿಧಾನ ಸಾಕು: ಅಸ್ತರನ್ನು ಒಳಕ್ಕೆ ಮಡಚಿ ಒಳಅಟ್ಟೆಗೆ ಅಂಟಿಸುವುದು, ಮೇಲ್ಚರ್ಮವನ್ನು ಹೊರಕ್ಕೆ ಮಡಚಿ ನಡುಅಟ್ಟೆಗೆ ಹೊಲಿಯುವುದು. ಒಳಅಟ್ಟೆಯಲ್ಲಿ ಕಾಲುವೆ ಕೊರೆಯುವ ಕೆಲಸವೂ ಇಲ್ಲ, ಬಾಗಿದ ಸೂಜಿಯ ಕಷ್ಟವೂ ಇಲ್ಲ. ಹೊಲಿಗೆಯೆಲ್ಲ ಕಣ್ಣೆದುರಿಗೇ ಇರುತ್ತದೆ.

ಅಚ್ಚು ಮತ್ತು ಕಾಲಿನ ಅಳತೆ

ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಜೊತೆ ಅಚ್ಚು, ಅಂದರೆ ಲಾಸ್ಟ್. ಮರದ್ದಾಗಲಿ ಪ್ಲಾಸ್ಟಿಕ್‌ನದಾಗಲಿ, ನಡುವೆ ಕೀಲು ಇರುವುದನ್ನೇ ಆರಿಸಿ. ಕೀಲಿಲ್ಲದ ಅಚ್ಚನ್ನು ಮುಗಿದ ಶೂನಿಂದ ಹೊರತೆಗೆಯುವಾಗ ಹಿಮ್ಮಡಿಯ ಹೊಲಿಗೆ ಹರಿಯುವುದುಂಟು. ಹಿಮ್ಮಡಿ ಎತ್ತರ 20ರಿಂದ 25 ಮಿ.ಮೀ., ಬೆರಳಿನ ಕಡೆ ದುಂಡಗಿನ ಆಕಾರ ಇರಲಿ.

ಕಾಲನ್ನು ಸಂಜೆ ಅಳೆಯಿರಿ, ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ. ಎರಡೂ ಕಾಲಿನ ಮೇಲೆ ಸಮಭಾರ ಹಾಕಿ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಪೆನ್ಸಿಲ್ ಪಾದದ ಅಡಿಗೆ ವಾಲಿದರೆ ಅಳತೆ ಕಿರಿದಾಗುತ್ತದೆ. ಆಮೇಲೆ ಟೇಪಿನಿಂದ ಎರಡು ಸುತ್ತಳತೆ: ಹೆಬ್ಬೆರಳು ಮತ್ತು ಕಿರುಬೆರಳಿನ ಬುಡದ ಗೆಣ್ಣುಗಳ ಮೇಲೆ ಒಂದು, ಪಾದದ ಮೇಲಿನ ಉಬ್ಬಿನಲ್ಲಿ ಇನ್ನೊಂದು. ಎರಡೂ ಕಾಲು ಬೇರೆ ಬೇರೆ ಅಳೆಯಿರಿ, ಅವು ಒಂದೇ ಸಮ ಇರುವುದು ಅಪರೂಪ.

ಅಚ್ಚಿನ ಉದ್ದ ಪಾದದ ಉದ್ದಕ್ಕಿಂತ 12ರಿಂದ 15 ಮಿ.ಮೀ. ಹೆಚ್ಚಿರಬೇಕು. ಯುರೋಪಿನ ಸೈಜಿನಲ್ಲಿ ಒಂದು ಅಂಕಿಗೆ 6.67 ಮಿ.ಮೀ. ವ್ಯತ್ಯಾಸ. ಹಾಗಾಗಿ 42ರ ಅಚ್ಚು ಸುಮಾರು 280 ಮಿ.ಮೀ. ಇರುತ್ತದೆ, ಅದು 265 ಮಿ.ಮೀ. ಆಸುಪಾಸಿನ ಪಾದಕ್ಕೆ ಸರಿ. ಗೆಣ್ಣಿನ ಸುತ್ತಳತೆ ಪಾದಕ್ಕೂ ಅಚ್ಚಿಗೂ ಸಮ ಇದ್ದರೆ ಒಳ್ಳೆಯದು. ಅಚ್ಚಿನದು ಪಾದದ್ದಕ್ಕಿಂತ 5 ಮಿ.ಮೀ.ಗೂ ಮೀರಿ ಚಿಕ್ಕದಾದರೆ ಶೂ ಕಚ್ಚುತ್ತದೆ. ಕಡಿಮೆ ಬಿದ್ದ ಕಡೆ ಚರ್ಮದ ತುಂಡು ಅಂಟಿಸಿ, ಅಂಚನ್ನು ಹೆರೆದು ಉಪ್ಪುಕಾಗದದಲ್ಲಿ ಉಜ್ಜಿ ಅಚ್ಚಿನ ಮೈಗೆ ಸಮ ಮಾಡಬಹುದು. ಅಚ್ಚು ದೊಡ್ಡದಾಗಿದ್ದರೆ ಹೀಗೆ ಸುಧಾರಿಸಲು ಆಗುವುದಿಲ್ಲ, ಆದ್ದರಿಂದ ಸಂದೇಹ ಬಂದರೆ ಉದ್ದ ಸರಿಯಿದ್ದು ಸುತ್ತಳತೆ ಕಡಿಮೆ ಇರುವುದನ್ನೇ ತೆಗೆದುಕೊಳ್ಳಿ.

ಚರ್ಮ ಮತ್ತು ಹತಾರ

- ಮೇಲ್ಚರ್ಮ: ಕ್ರೋಮ್ ಟ್ಯಾನ್ (ಕ್ರೋಮಿಯಂ ಲವಣದಿಂದ ಹದ ಮಾಡಿದ) ದನದ ಚರ್ಮ, 1.6ರಿಂದ 1.8 ಮಿ.ಮೀ. ದಪ್ಪ. ಒಂದು ಜೊತೆಗೆ 3 ಚದರ ಅಡಿ ಹಿಡಿಯುತ್ತದೆ, ಹೊಸಬರು 5 ಚದರ ಅಡಿ ಇಟ್ಟುಕೊಳ್ಳಿ.
- ಅಸ್ತರು: ಕರು ಅಥವಾ ಆಡಿನ ಚರ್ಮ, 0.8ರಿಂದ 1 ಮಿ.ಮೀ.
- ಒಳಅಟ್ಟೆ ಮತ್ತು ನಡುಅಟ್ಟೆ: ವೆಜ್ ಟ್ಯಾನ್ (ತೊಗಟೆಯಂಥ ಸಸ್ಯದ ಒಗರಿನಿಂದ ಹದ ಮಾಡಿದ) ಚರ್ಮ, ತಲಾ 3.5 ಮಿ.ಮೀ.
- ಹಿಮ್ಮಡಿಯ ಗಟ್ಟಿ ಪಟ್ಟಿ: ವೆಜ್ ಟ್ಯಾನ್, 2 ಮಿ.ಮೀ.
- ಹೊರಅಟ್ಟೆ: 4ರಿಂದ 5 ಮಿ.ಮೀ. ರಬ್ಬರ್ ಹಾಳೆ.
- ದಾರ: ಮೇಣ ಹಚ್ಚಿದ ಪಾಲಿಯೆಸ್ಟರ್, ಮೇಲ್ಭಾಗಕ್ಕೆ 0.6 ಮಿ.ಮೀ., ಅಟ್ಟೆಗೆ 1 ಮಿ.ಮೀ.
- ಅಂಟು: ನಿಯೋಪ್ರೀನ್ ಅಂಟು, ಹಿಮ್ಮಡಿ ಪಟ್ಟಿಗೆ ಮರಗೆಲಸದ ಬಿಳಿ ಅಂಟು.

ಹತಾರಗಳಲ್ಲಿ ಬಿಡಲಾಗದವು: ಹರಿತವಾದ ಕತ್ತಿ, ಲಾಸ್ಟಿಂಗ್ ಇಕ್ಕಳ, ಆರಿ, 3 ಮಿ.ಮೀ. ಅಂತರದ ಹಲ್ಲಿರುವ ಉಳಿ, ಮೊಂಡು ತುದಿಯ ಸೂಜಿಗಳು, ಸುತ್ತಿಗೆ, 15 ಮಿ.ಮೀ. ಸಣ್ಣ ಮೊಳೆಗಳು, ಮೂಳೆ ಅಥವಾ ಗಟ್ಟಿ ಮರದ ನಯವಾದ ಪಟ್ಟಿ. ಲಾಸ್ಟಿಂಗ್ ಇಕ್ಕಳದ ಬದಲು ಮಾಮೂಲಿ ಇಕ್ಕಳ ಸಾಕು ಅನ್ನಬೇಡಿ. ಇದರ ದವಡೆಯ ಕೆಳಗೆ ಸುತ್ತಿಗೆಯಂಥ ಗುಬ್ಬಿ ಇರುತ್ತದೆ, ಅದನ್ನು ಊರಿ ಸನ್ನೆಯ ಹಾಗೆ ಚರ್ಮ ಎಳೆಯಬಹುದು. ಬರೀ ಮಣಿಕಟ್ಟಿನ ಬಲದಲ್ಲಿ ಎಳೆದರೆ ಆ ಬಿಗಿ ಬರುವುದಿಲ್ಲ.

ಚರ್ಮದ ಹಾಳೆ ಎಲ್ಲ ಕಡೆ ಒಂದೇ ರೀತಿ ಹಿಗ್ಗುವುದಿಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಬೆನ್ನುಮೂಳೆಯ ಉದ್ದಕ್ಕೆ ಹಿಗ್ಗು ಕಡಿಮೆ, ಅಡ್ಡಕ್ಕೆ ಹೆಚ್ಚು. ಕೈಯಲ್ಲಿ ಹಿಡಿದು ಎರಡೂ ದಿಕ್ಕಿಗೆ ಜಗ್ಗಿ ನೋಡಿದರೆ ತಿಳಿಯುತ್ತದೆ. ಶೂ ಮುಂಭಾಗ ಕತ್ತರಿಸುವಾಗ ಕಡಿಮೆ ಹಿಗ್ಗುವ ದಿಕ್ಕು ಹಿಮ್ಮಡಿಯಿಂದ ಬೆರಳಿನತ್ತ ಇರಬೇಕು. ತಿರುವುಮುರುವಾದರೆ ಹಾಕಿದಷ್ಟೂ ಶೂ ಉದ್ದವಾಗುತ್ತಾ ಹೋಗುತ್ತದೆ. ಎಡ-ಬಲ ಮುಂಭಾಗಗಳನ್ನು ಬೆನ್ನಿನ ಎರಡು ಪಕ್ಕದಿಂದ ಜೋಡಿಯಾಗಿ ತೆಗೆಯಿರಿ, ಹೊಟ್ಟೆಯ ಭಾಗವನ್ನು ನಾಲಿಗೆಯ ಅಸ್ತರಿನಂಥ ಕಾಣದ ತುಂಡುಗಳಿಗೆ ಮಾತ್ರ ಬಳಸಿ.

ನಮೂನೆ ತೆಗೆಯುವುದು

ಅಚ್ಚಿನ ಮೈಗೆಲ್ಲ ಮಾಸ್ಕಿಂಗ್ ಟೇಪನ್ನು ಎರಡು ಪದರ ಸುತ್ತಿ. ಮುಂದೆ ಮತ್ತು ಹಿಂದೆ ನಡುಗೆರೆ ಎಳೆಯಿರಿ, ತಳದ ಏಣಿನ, ಅಂದರೆ ಅಚ್ಚಿನ ಪಕ್ಕ ಮತ್ತು ತಳ ಸೇರುವ ಅಂಚಿನ, ಮೇಲೂ ಗೆರೆ ಬರಲಿ. ಶೂ ಗೆರೆಗಳನ್ನು ಈ ಟೇಪಿನ ಮೇಲೆಯೇ ಬರೆಯಬೇಕು. 42ರ ಸೈಜಿಗೆ ಹಿಂದಿನ ಎತ್ತರ ತಳದ ಏಣಿನಿಂದ ಸುಮಾರು 60 ಮಿ.ಮೀ., ಹೊರಪಕ್ಕದಲ್ಲಿ ಹರಡಿನ ಮೂಳೆಯ ಕೆಳಗೆ 50 ಮಿ.ಮೀ. ಸಾಕು. ಹೊರಗಿನ ಹರಡಿನ ಮೂಳೆ ಒಳಗಿನದಕ್ಕಿಂತ ಕೆಳಗಿರುವುದರಿಂದ ಶೂ ಹೊರಪಕ್ಕ 3ರಿಂದ 5 ಮಿ.ಮೀ. ತಗ್ಗಿರಲಿ. ಎರಡೂ ಸಮ ಇಟ್ಟರೆ ಅಂಚು ಮೂಳೆಗೆ ಉಜ್ಜಿ ಗಾಯವಾಗುತ್ತದೆ.

ಟೇಪನ್ನು ನಡುಗೆರೆಯಲ್ಲಿ ಕೊಯ್ದು ಸುಲಿದು ದಪ್ಪ ಕಾಗದದ ಮೇಲೆ ಚಪ್ಪಟೆ ಹಚ್ಚಿ. ಉಬ್ಬಿನ ಆಕಾರ ಚಪ್ಪಟೆಯಾಗುವಾಗ ಅಲ್ಲಲ್ಲಿ ಮಡಿಕೆ ಬರುತ್ತದೆ. ಅದು ತಳದ ಅಂಚಿನ ಕಡೆಗೇ ಬರುವ ಹಾಗೆ ಒತ್ತಿ, ಮೇಲಿನ ಅಂಚಿನಲ್ಲಿ ಮಡಿಕೆ ಬಂದರೆ ಶೂ ಬಾಯಿಯ ಅಳತೆ ಕೆಡುತ್ತದೆ. ಒಳಪಕ್ಕ, ಹೊರಪಕ್ಕಗಳ ಚಪ್ಪಟೆ ಆಕಾರಗಳನ್ನು ಒಂದರ ಮೇಲೊಂದಿಟ್ಟು ನಡುವಿನ ಗೆರೆ ಹಿಡಿದರೆ ಅದೇ ಮೂಲ ನಮೂನೆ.

ಅದರಿಂದ ಮೂರು ತುಂಡು ತೆಗೆಯಿರಿ: ನಾಲಿಗೆಯೂ ಸೇರಿದ ಮುಂಭಾಗ ಒಂದು, ಪಕ್ಕದ ರೆಕ್ಕೆ ಎರಡು. ರೆಕ್ಕೆ ಮುಂಭಾಗದ ಮೇಲೆ ಬರುವಲ್ಲಿ 10 ಮಿ.ಮೀ. ಸೇರಿಸಿ. ಕೆಳಗಡೆ ಮೇಲ್ಚರ್ಮಕ್ಕೆ ತಳದ ಏಣಿನಿಂದ 28 ಮಿ.ಮೀ., ಅಸ್ತರಿಗೆ 20 ಮಿ.ಮೀ. ಹೆಚ್ಚಿಗೆ ಬಿಡಬೇಕು. ಇಲ್ಲಿ ಜಿಪುಣತನ ಮಾಡಿದರೆ ಎಳೆಯುವಾಗ ಇಕ್ಕಳಕ್ಕೆ ಹಿಡಿಯಲು ಚರ್ಮವೇ ಸಿಗುವುದಿಲ್ಲ. ಅಸ್ತರಿನ ಹಿಂಭಾಗವನ್ನು ಮಾತ್ರ 2 ಮಿ.ಮೀ. ಕಿರಿದು ಮಾಡಿ, ಅದು ಒಳಗಿನ ಪದರವಾದ್ದರಿಂದ ಸುತ್ತಳತೆ ಕಡಿಮೆ, ಅಷ್ಟೇ ಇಟ್ಟರೆ ಹಿಮ್ಮಡಿಯಲ್ಲಿ ಸುಕ್ಕು ಬಂದು ಚರ್ಮ ಸುಲಿಯುತ್ತದೆ.

ಒಳ್ಳೆಯ ಚರ್ಮಕ್ಕೆ ಕತ್ತಿ ಹಾಕುವ ಮೊದಲು, ಅಷ್ಟೇ ದಪ್ಪದ ಅಗ್ಗದ ಚರ್ಮದಲ್ಲಿ ಒಂದು ಕಾಲಿನ ಮೇಲ್ಭಾಗವನ್ನು ಒರಟಾಗಿ ಹೊಲಿದು ಅಚ್ಚಿನ ಮೇಲೆ ಎಳೆದು ನೋಡಿ. ರೆಕ್ಕೆಗಳ ನಡುವೆ 10 ಮಿ.ಮೀ. ಜಾಗ ಉಳಿದಿದೆಯೇ? ಹಿಂದಿನ ಹೊಲಿಗೆ ನೆಟ್ಟಗಿದೆಯೇ? ಬಾಯಿಯ ಅಂಚು ಅಚ್ಚಿಗೆ ಅಂಟಿದೆಯೇ? ನಮೂನೆಯ ತಪ್ಪೆಲ್ಲ ಇಲ್ಲೇ ಕಾಣುತ್ತದೆ. ಈ ಹಂತ ಬಿಟ್ಟವರೇ ಮುಂದೆ ಹೆಚ್ಚು ಚರ್ಮ ಹಾಳು ಮಾಡಿಕೊಳ್ಳುತ್ತಾರೆ.

ಅಂಚು ಹೆರೆದು ಹೊಲಿಯುವುದು

ಎರಡು ಪದರ ಸೇರುವ ಕಡೆಯೆಲ್ಲ ಅಡಿಯ ಪದರದ ಅಂಚನ್ನು 8ರಿಂದ 10 ಮಿ.ಮೀ. ಅಗಲಕ್ಕೆ ಒರಟು ಮುಖದಿಂದ ಹೆರೆದು ಅರ್ಧ ದಪ್ಪಕ್ಕೆ ಇಳಿಸಿ. ಕತ್ತಿಯನ್ನು ಬಹುತೇಕ ಚಪ್ಪಟೆ ಹಿಡಿದು, ಗಾಜಿನ ಅಥವಾ ಕಲ್ಲಿನ ಹಲಗೆಯ ಮೇಲೆ, ಉದ್ದನೆಯ ಒಂದೇ ಎಳೆತದಲ್ಲಿ ಹೆರೆಯಬೇಕು. ಚರ್ಮ ಅಲ್ಲಲ್ಲಿ ಕಿತ್ತು ಬರುತ್ತಿದ್ದರೆ ಕತ್ತಿ ಮೊಂಡಾಗಿದೆ ಅಂತ ಅರ್ಥ, ಬಲ ಹಾಕಬೇಡಿ, ಮಸೆಯಿರಿ. ಚರ್ಮ ಹಿಡಿದ ಕೈ ಯಾವಾಗಲೂ ಕತ್ತಿಯ ಹಿಂದೆ ಇರಲಿ.

ಬಾಯಿಯ ಅಂಚಿನ ಒಳಗೆ 3ರಿಂದ 4 ಮಿ.ಮೀ. ಅಗಲದ ನೈಲಾನ್ ಟೇಪ್ ಅಂಟಿಸಿ. ಇದಿಲ್ಲದಿದ್ದರೆ ಅಚ್ಚಿನ ಮೇಲೆ ಎಳೆಯುವಾಗ ಬಾಯಿ ಹಿಗ್ಗಿ ಶೂ ನಡೆಯುವಾಗ ಬಾಯಿಬಿಡುತ್ತದೆ.

ಹೊಲಿಗೆಗೆ ಅಂಚಿನಿಂದ 2 ಮಿ.ಮೀ. ಒಳಗೆ ಉಳಿಯಿಂದ ತೂತು ಹೊಡೆದು, ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹಾಯಿಸಿ. ದಾರ ಹೊಲಿಗೆಯ ಉದ್ದದ ನಾಲ್ಕು ಪಟ್ಟು ಬೇಕು. ಮೊದಲು ಎರಡು ರೆಕ್ಕೆಗಳನ್ನು ನಯ ಮುಖ ಒಳಗೆ ಬರುವಂತೆ ಹಿಂದೆ ಜೋಡಿಸಿ ಹೊಲಿದು, ಹೊಲಿಗೆಯಾಚೆಯ ಎರಡು ಅಂಚುಗಳನ್ನು ಅತ್ತಿತ್ತ ಅಗಲಿಸಿ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಒಳಗಡೆ ಟೇಪ್ ಹಚ್ಚಿ. ಅಸ್ತರಿನಲ್ಲಿ ಮಾತ್ರ ಹಿಂಬದಿಗೆ ಹೊಲಿಗೆ ಬರಬಾರದು. ಹಿಮ್ಮಡಿಗೆ ಒಂದೇ ಅಖಂಡ ತುಂಡು ಹಾಕಿ, ಅದರ ಒರಟು ಮುಖ ಪಾದಕ್ಕೆ ತಾಗುವಂತಿದ್ದರೆ ಕಾಲು ಜಾರುವುದು ಕಡಿಮೆ. ನಂತರ ಬಾಯಿಯ ಅಂಚಿನಲ್ಲಿ ಅಸ್ತರು ಸೇರಿಸಿ ಹೊಲಿದು ಹೆಚ್ಚಿದ್ದನ್ನು ಕತ್ತರಿಸಿ. ಕೊನೆಗೆ ರೆಕ್ಕೆಗಳನ್ನು ಮುಂಭಾಗಕ್ಕೆ ಎರಡು ಸಾಲು ಹೊಲಿಯಿರಿ. ರೆಕ್ಕೆಯ ಮುಂದಿನ ಮೂಲೆ ಪ್ರತಿ ಹೆಜ್ಜೆಗೂ ಜಗ್ಗುವ ಜಾಗ. ಅಲ್ಲಿ ಅದೇ ತೂತುಗಳಲ್ಲಿ ಮೂರು ಸುತ್ತು ದಾರ ಹಾಕಿ. ಲೇಸ್ ತೂತು ಪ್ರತಿ ಪಕ್ಕಕ್ಕೆ ನಾಲ್ಕು, ಅಂಚಿನಿಂದ 12 ಮಿ.ಮೀ. ಒಳಗೆ.

ಅಚ್ಚಿನ ಮೇಲೆ: ಮೊದಲು ಅಸ್ತರು

ಒಳಅಟ್ಟೆಯ ಚರ್ಮವನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಿ, ಅಚ್ಚಿನ ತಳಕ್ಕೆ ಮೂರು ಮೊಳೆಯಿಂದ ಹಿಡಿಸಿ, ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಅಚ್ಚಿನ ಏಣಿಗೆ ಸರಿಯಾಗಿ ಕತ್ತರಿಸಿ. 1 ಮಿ.ಮೀ. ಹೊರಗಿದ್ದರೂ ಮುಗಿದ ಶೂ ಮೇಲೆ ಗೆರೆ ಎದ್ದು ಕಾಣುತ್ತದೆ. ಒದ್ದೆ ವೆಜ್ ಟ್ಯಾನ್ ಚರ್ಮಕ್ಕೆ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ ಬೀಳುತ್ತದೆ, ಇಲ್ಲಿ ಅದು ಒಳಗೆ ಮುಚ್ಚಿಹೋಗುವುದರಿಂದ ಚಿಂತೆಯಿಲ್ಲ.

ಅಚ್ಚಿಗೆ ಟಾಲ್ಕ್ ಪುಡಿ ಹಚ್ಚಿ, ಹೊಲಿದ ಮೇಲ್ಭಾಗವನ್ನು ಏರಿಸಿ, ರೆಕ್ಕೆಗಳ ನಡುವೆ 10 ಮಿ.ಮೀ. ಜಾಗ ಉಳಿಯುವಂತೆ ಲೇಸ್ ಕಟ್ಟಿ. ಮೇಲ್ಚರ್ಮದ ಕೆಳಂಚನ್ನು ಮೇಲಕ್ಕೆ ಮಡಚಿ ಇಟ್ಟು ಅಸ್ತರನ್ನು ಮಾತ್ರ ಎಳೆಯಬೇಕು. ಕ್ರಮ ಇಷ್ಟು: ಬೆರಳಿನ ತುದಿಯ ನಡುವೆ ಒಂದು ಮೊಳೆ, ನಂತರ ಹಿಮ್ಮಡಿಯನ್ನು ಗುರುತಿಸಿದ ಎತ್ತರಕ್ಕೆ ಎಳೆದು ಒಂದು ಮೊಳೆ, ಗೆಣ್ಣಿನ ಎರಡೂ ಪಕ್ಕ, ಆಮೇಲೆ ಉಳಿದದ್ದು. ಪ್ರತಿ ಎಳೆತದ ನಂತರ ಹಿಂದಿನ ಹೊಲಿಗೆ ಮತ್ತು ಮುಂದಿನ ನಡುಗೆರೆ ನೋಡಿ. ಒಂದು ಕಡೆ ಜಾಸ್ತಿ ಎಳೆದರೆ ಇಡೀ ಮೇಲ್ಭಾಗ ತಿರುಚಿಕೊಳ್ಳುತ್ತದೆ.

ಬೆರಳಿನ ಸುತ್ತ ಅಸ್ತರು ಒಳಕ್ಕೆ ಬರುವಾಗ ಚರ್ಮ ಹೆಚ್ಚಾಗಿ ನೆರಿಗೆ ಬೀಳುತ್ತದೆ. ಒಂದು ದೊಡ್ಡ ನೆರಿಗೆಗಿಂತ ಹತ್ತು ಸಣ್ಣ ನೆರಿಗೆ ಒಳ್ಳೆಯದು. ಅವನ್ನು ಏಣಿನಿಂದ 4 ಮಿ.ಮೀ. ದೂರ ನಿಲ್ಲುವ ಹಾಗೆ ವಿ ಆಕಾರದಲ್ಲಿ ಕತ್ತರಿಸಿ. ಎರಡೂ ಮೈಗೆ ನಿಯೋಪ್ರೀನ್ ಅಂಟು ಹಚ್ಚಿ, 10ರಿಂದ 15 ನಿಮಿಷ ಕಾದು, ಬೆರಳ ಹಿಂಬದಿ ತಾಗಿಸಿದಾಗ ಅಂಟದಿದ್ದರೆ ಆಗ ಒತ್ತಿ ಕೂರಿಸಿ. ಹಸಿಯಿರುವಾಗಲೇ ಒತ್ತಿದರೆ ಒಳಗಿನ ದ್ರಾವಕ ಆರುವುದಿಲ್ಲ, ಅಂಟು ಹಿಡಿಯುವುದಿಲ್ಲ. ಈ ಅಂಟಿನ ಹಬೆ ತಲೆಗೆ ಏರುತ್ತದೆ; ಗಾಳಿ ಆಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೆಲಸ ಮಾಡಿ.

ಈಗ ಹಿಮ್ಮಡಿಯ ಗಟ್ಟಿ ಪಟ್ಟಿ. ಮೇಲಂಚು ಮತ್ತು ಎರಡು ತುದಿಗಳನ್ನು ಪೂರ್ತಿ ತೆಳುವಾಗಿ ಹೆರೆದು, ನೆನೆಸಿ, ಬಿಳಿ ಅಂಟು ಸವರಿ ಅಸ್ತರಿನ ಮೇಲೆ ಕೂರಿಸಿ, ಕೆಳಂಚನ್ನು 12 ಮಿ.ಮೀ. ಒಳಕ್ಕೆ ಮಡಚಿ ಸುತ್ತಿಗೆಯಿಂದ ತಟ್ಟಿ. ಹೆರೆಯದೆ ಬಿಟ್ಟ ಅಂಚು ಹೊರಗಡೆ ಗೆರೆಯಾಗಿ ಮೂಡುತ್ತದೆ, ಒಳಗಡೆ ಕಾಲಿಗೆ ಒತ್ತುತ್ತದೆ. ಒಂದು ರಾತ್ರಿ ಒಣಗಲಿ.

ಮುಂದಕ್ಕೆ ಹೋಗುವ ಮುನ್ನ ಒಳಅಟ್ಟೆಯ ಆ ಮೂರು ಮೊಳೆಗಳನ್ನೂ ಅಸ್ತರಿನ ಮೊಳೆಗಳನ್ನೂ ಎಣಿಸಿ ಕೀಳಿ. ಒಂದು ಉಳಿದರೂ ನಡುಅಟ್ಟೆ ಅದನ್ನು ಮುಚ್ಚಿಬಿಡುತ್ತದೆ, ಕೊನೆಗೆ ಅಚ್ಚು ಹೊರಗೆ ಬರುವುದಿಲ್ಲ.

ಮೇಲ್ಚರ್ಮ ಹೊರಕ್ಕೆ

ಮಡಚಿದ ಅಸ್ತರಿನ ನಡುವೆ ಉಳಿದ ತಗ್ಗನ್ನು ಕಾರ್ಕ್ ಅಥವಾ ಚರ್ಮದ ಚೂರಿನಿಂದ ತುಂಬಿ ಸಮ ಮಾಡಿ. ಅಂಗಾಲಿನ ಕಮಾನಿನ ಕೆಳಗೆ ಉಕ್ಕಿನ ಶಾಂಕ್ ಪಟ್ಟಿ, ಅಂದರೆ ಕಮಾನಿಗೆ ಆಧಾರ ಕೊಡುವ ಗಟ್ಟಿ ಪಟ್ಟಿ, ಇಡಿ. ಅದು ಹಿಮ್ಮಡಿಯಿಂದ ಹೊರಟು ಪಾದ ಬಾಗುವ ಗೆಣ್ಣಿನ ಗೆರೆಗೆ ಮೊದಲೇ ನಿಲ್ಲಬೇಕು. ನಡುಅಟ್ಟೆಯನ್ನು ಅಚ್ಚಿನ ಏಣಿನಿಂದ ಸುತ್ತಲೂ 15 ಮಿ.ಮೀ. ಹೆಚ್ಚಿಗೆ ಕತ್ತರಿಸಿ, ನಯ ಮುಖವನ್ನು ಉಪ್ಪುಕಾಗದದಿಂದ ಒರಟು ಮಾಡಿ ತಳಕ್ಕೆ ಅಂಟಿಸಿ. ಚರ್ಮದ ನಯ ಮುಖಕ್ಕೆ ಅಂಟು ಇಳಿಯುವುದಿಲ್ಲ. ಅಟ್ಟೆ ಕಿತ್ತು ಬರುವ ಶೂಗಳಲ್ಲಿ ಬಹುಪಾಲು ಕಾರಣ ಇದೇ.

ಮೇಲ್ಚರ್ಮದ ಕೆಳಂಚಿನ ಒರಟು ಮುಖಕ್ಕೂ ನಡುಅಟ್ಟೆಯ ಹೊರಚಾಚಿಗೂ ಅಂಟು ಹಚ್ಚಿ. ಗಟ್ಟಿ ಪಟ್ಟಿಯ ಮೇಲೆ ಬಿಳಿ ಅಂಟು. ನಿಯೋಪ್ರೀನ್ ಅಂಟು ಆರಿದ ಮೇಲೆ ಬೆರಳಿನ ನಡುವಿನಿಂದ ಶುರು ಮಾಡಿ. ಇಕ್ಕಳದ ದವಡೆಯಲ್ಲಿ ಅಂಚಿನ 5 ಮಿ.ಮೀ. ಮಾತ್ರ ಕಚ್ಚಿಸಿ, ಮೊದಲು ನೇರ ಕೆಳಕ್ಕೆ, ಚರ್ಮ ಅಚ್ಚಿಗೆ ಅಂಟಿತು ಅನ್ನಿಸಿದ ಮೇಲೆ ಹೊರಕ್ಕೆ ಹೊರಳಿಸಿ. ಎಳೆತ ಬಿಡದೆ ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ಹಿಡಿದು, ತೀರಾ ಹೊರ ಅಂಚಿನಲ್ಲಿ ಅರ್ಧ ಮೊಳೆ ಹೊಡೆಯಿರಿ. ಆ ಭಾಗ ಆಮೇಲೆ ಕತ್ತರಿಸಿ ಹೋಗುವುದರಿಂದ ತೂತು ಉಳಿಯುವುದಿಲ್ಲ. ನಂತರ ಹಿಮ್ಮಡಿ, ಗೆಣ್ಣು, ಕಮಾನು.

ಹೊರಕ್ಕೆ ಮಡಚುವಾಗ ಬೆರಳಿನ ಸುತ್ತ ನೆರಿಗೆಯ ಕಾಟ ಬಹಳ ಕಡಿಮೆ, ಅಂಚು ಹೊರಕ್ಕೆ ಹೋದಷ್ಟೂ ಸುತ್ತಳತೆ ಹೆಚ್ಚುತ್ತದೆ. ಹೊಸಬರಿಗೆ ಈ ವಿಧಾನ ಹೇಳುವುದು ಅದಕ್ಕೇ. ನೆರಿಗೆ ಬರುವುದು ಒಳಪಕ್ಕದ ಕಮಾನಿನಲ್ಲಿ, ಅಲ್ಲಿ ಗೆರೆ ಒಳಕ್ಕೆ ಬಾಗಿರುತ್ತದೆ. ಅಲ್ಲಿ ಚರ್ಮವನ್ನು ಅಡ್ಡಕ್ಕಲ್ಲ, ಉದ್ದಕ್ಕೆ, ಹಿಮ್ಮಡಿ ಮತ್ತು ಗೆಣ್ಣಿನ ಕಡೆಗೆ ಹಂಚುತ್ತಾ ಎಳೆಯಿರಿ. ಮೇಲ್ಮುಖ ಬಿರಿಯುವ ಸೂಚನೆ ಕಂಡರೆ ನಿಲ್ಲಿಸಿ ಒಳಮುಖಕ್ಕೆ ಸ್ವಲ್ಪ ತೇವ ಕೊಡಿ.

ಕೊನೆಗೆ ಮೂಳೆಯ ಪಟ್ಟಿಯಿಂದ ಸುತ್ತಲೂ ಮೂಲೆಯನ್ನು ತೀಡಿ. ಇಲ್ಲಿ ಚರ್ಮ ಏಣಿಗೆ ತಾಗದೆ ಓರೆಯಾಗಿ ಇಳಿದಿದ್ದರೆ ಹೊಲಿಗೆ ಪಾದದಿಂದ ದೂರ ಬಿದ್ದು ಶೂ ಒಳಗೆ ಕಾಲು ಅತ್ತಿತ್ತ ಹೊರಳುತ್ತದೆ. ಅಚ್ಚಿನ ಮೇಲೆಯೇ ಕನಿಷ್ಠ ಎರಡು ದಿನ, ಸಾಧ್ಯವಾದರೆ ಒಂದು ವಾರ ಬಿಡಿ. ಬಿಸಿಲಿಗೋ ಹೀಟರ್ ಹತ್ತಿರವೋ ಇಟ್ಟು ಅವಸರ ಮಾಡಿದರೆ ವೆಜ್ ಟ್ಯಾನ್ ಭಾಗಗಳು ಕುಗ್ಗಿ ಬಿರುಕು ಬಿಡುತ್ತವೆ.

ಅಟ್ಟೆ ಮತ್ತು ಹಿಮ್ಮಡಿ

ಶೂ ಗೋಡೆಯಿಂದ, ಅಂದರೆ ಮೇಲ್ಚರ್ಮ ಹೊರಕ್ಕೆ ಮಡಚಿದ ಮೂಲೆಯಿಂದ, 5 ಮಿ.ಮೀ. ಹೊರಗೆ ಗೆರೆ ಹಾಕಿ, 5 ಮಿ.ಮೀ.ಗೆ ಒಂದರಂತೆ ಆರಿಯಿಂದ ನೆಟ್ಟಗೆ ತೂತು ಮಾಡಿ. ಇದಕ್ಕಿಂತ ಒತ್ತೊತ್ತಾಗಿ ಚುಚ್ಚಿದರೆ ತೂತಿನ ಸಾಲಿನಲ್ಲೇ ಚರ್ಮ ಹರಿಯುತ್ತದೆ. ನಡುಅಟ್ಟೆಯ ಕೆಳಗೆ ಹೊಲಿಗೆಯ ದಾರಿಯಲ್ಲಿ 1 ಮಿ.ಮೀ. ಆಳದ ಗೀರು ತೆಗೆದರೆ ದಾರ ಅದರಲ್ಲಿ ಅಡಗಿ ಹೊರಅಟ್ಟೆ ಸಮವಾಗಿ ಕೂರುತ್ತದೆ. ಒಂದು ಶೂಗೆ 3 ಮೀಟರ್ ದಾರ ತೆಗೆದುಕೊಳ್ಳಿ. ಹೊಲಿದ ಮೇಲೆ ಅಂಚನ್ನು ಗೋಡೆಯಿಂದ 10 ಮಿ.ಮೀ.ಗೆ ಕತ್ತರಿಸಿ.

ಹೊರಅಟ್ಟೆಯ ರಬ್ಬರನ್ನೂ 60ರ ಉಪ್ಪುಕಾಗದದಿಂದ ಒರಟು ಮಾಡಿ, ಧೂಳು ಒರೆಸಿ. ಚರ್ಮ ಅಂಟು ಹೀರುವುದರಿಂದ ಅದಕ್ಕೆ ಎರಡು ಸಲ ಹಚ್ಚಿ. ಬೆರಳಿನ ಕಡೆಯಿಂದ ಕೂರಿಸುತ್ತಾ ಬನ್ನಿ, ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ. ನಡುವಿನಿಂದ ಅಂಚಿನ ಕಡೆಗೆ ಸುತ್ತಿಗೆಯಿಂದ ತಟ್ಟಿ.

ಹಿಮ್ಮಡಿಯ ಎತ್ತರವನ್ನು ಅಚ್ಚೇ ಹೇಳುತ್ತದೆ: ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ ಗೆಣ್ಣಿನ ಭಾಗ ಊರಿ, ಬೆರಳಿನ ತುದಿ 5ರಿಂದ 10 ಮಿ.ಮೀ. ಮೇಲಿರಬೇಕು. ಹಿಮ್ಮಡಿ ತಗ್ಗಾದರೆ ತುದಿ ಮೇಲೇಳುತ್ತದೆ, ಎತ್ತರವಾದರೆ ನೆಲಕ್ಕೆ ತಾಗಿ ಮುಗ್ಗರಿಸುತ್ತದೆ. ಚರ್ಮದ ಪದರಗಳನ್ನು ಒಂದೊಂದಾಗಿ ಅಂಟಿಸಿ, ಕೊನೆಯ ರಬ್ಬರ್ ಪದರಕ್ಕೆ ಮೊದಲು ಐದು ಮೊಳೆ ಹೊಡೆಯಿರಿ. ಮೊಳೆಯ ಉದ್ದ ಹಿಮ್ಮಡಿ ಮತ್ತು ಅಟ್ಟೆಗಳ ಒಟ್ಟು ದಪ್ಪಕ್ಕಿಂತ ಕಡಿಮೆ ಇರಲಿ. ಅಂಚುಗಳನ್ನು ಅರದಿಂದ, ನಂತರ 80, 150, 320ರ ಉಪ್ಪುಕಾಗದದಿಂದ ಉಜ್ಜಿ, ಚರ್ಮದ ಪದರಗಳಿಗೆ ಒದ್ದೆ ಬಟ್ಟೆ ಸವರಿ ಮೂಳೆಯಿಂದ ತಿಕ್ಕಿ ಮೇಣ ಹಚ್ಚಿ.

ಲೇಸ್ ಪೂರ್ತಿ ಬಿಚ್ಚಿ, ಕೀಲು ಮಡಚಿ ಅಚ್ಚು ತೆಗೆಯಿರಿ. ಒಳಗೆ ಕೈ ಹಾಕಿ ಮೊಳೆಯ ತುದಿಯೇನಾದರೂ ತಾಗುತ್ತದೆಯೇ ಅಂತ ಪೂರ್ತಿ ಸವರಿ ನೋಡಿ, ಆಮೇಲೆ 1 ಮಿ.ಮೀ. ಚರ್ಮದ ಹಾಸು ಅಂಟಿಸಿ. ಹೊಸ ಶೂನಲ್ಲಿ ಹಿಮ್ಮಡಿ 3ರಿಂದ 5 ಮಿ.ಮೀ. ಏಳುವುದು ಸಹಜ, ಅಟ್ಟೆ ಬಾಗಲು ಕಲಿತ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೆ ಅಚ್ಚಿನ ಹಿಮ್ಮಡಿ ಅಗಲವಾಗಿದೆ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ. ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಅನ್ನುವುದನ್ನು ಅದೇ ದಿನ ಅಚ್ಚಿನ ಮೈಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಎರಡನೇ ಜೊತೆಗೆ ಮೊದಲು ಆ ಜಾಗಗಳನ್ನೇ ತಿದ್ದಿ.